ಮೂತ್ರಕೋಶದ ಕ್ಯಾನ್ಸರ್ ಏರ್ತಿದೆಯಾ, ಇಳೀತಿದೆಯಾ? ನಮ್ಮ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆಯ ಔಷಧಿ ಅಂಗಡಿಯವ. ಮಂಗಳೂರು, ಮಣಿಪಾಲ, ಹುಬ್ಬಳ್ಳಿಯಿಂದ ಚೀಟಿ ಹಿಡಿದು ಬಂದವರು ಮಾತ್ರೆ ಕಟ್ಟಿಸಿಕೊಳ್ಳುವಾಗ ಕೇಳುವ ಪ್ರಶ್ನೆಗಳಿವು. ಚಿಕಿತ್ಸೆ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ಇಲ್ಲಿ ಬರೆದಿದ್ದು ಜಾಸ್ತಿ ಅಂಕಿ-ಅಂಶದ ಬಗ್ಗೆ, ಯಾಕೆಂದರೆ ಜನ ಮೊಬೈಲಿನಲ್ಲಿ ಓದಿ ಹೆದರಿಕೊಂಡು ಬರುವುದು ಅದರಿಂದಲೇ.

ನಮ್ಮ ಜಿಲ್ಲೆಯಲ್ಲಿ ಈ ಕ್ಯಾನ್ಸರ್ ಜಾಸ್ತಿ ಆಗಿದೆಯಂತೆ, ಹೌದಾ?

ಒಂದೇ ಕೇರಿಯಲ್ಲಿ ಇಬ್ಬರಿಗೆ ಬಂದರೆ ಹಾಗೆ ಅನಿಸುವುದು ಸಹಜ. ಆದರೆ ಜಾಸ್ತಿ ಆಯ್ತು ಅನ್ನಬೇಕಾದರೆ ಮೊದಲು ಎಷ್ಟಿತ್ತು ಅಂತ ಯಾರಾದರೂ ಬರೆದಿಟ್ಟಿರಬೇಕಲ್ಲ. ಮಂಗನ ಕಾಯಿಲೆ ನೋಡಿ, ಸಿದ್ದಾಪುರದಲ್ಲಿ ಒಬ್ಬರಿಗೆ ಬಂದರೂ ತಾಲೂಕುವಾರು ಲೆಕ್ಕ ಪೇಪರಿನಲ್ಲಿ ಬರುತ್ತದೆ. ಕ್ಯಾನ್ಸರ್ ಎಣಿಕೆ ಹಾಗಲ್ಲ. ಅದಕ್ಕೆ ಒಂದು ಊರು ಅಥವಾ ಜಿಲ್ಲೆಯ ಎಲ್ಲ ಆಸ್ಪತ್ರೆ, ಲ್ಯಾಬು, ಸಾವಿನ ದಾಖಲೆಗಳನ್ನು ಒಟ್ಟು ಹಾಕಿ, ಆ ಊರಿನ ನಿವಾಸಿಗಳನ್ನು ಮಾತ್ರ ಎಣಿಸುವ ನೋಂದಣಿ ಕೇಂದ್ರ ಬೇಕು. ಮುಂಬೈಯಲ್ಲಿ ಇದು 1963ರಲ್ಲೇ ಶುರುವಾಯಿತು. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸಂಸ್ಥೆ ನಡೆಸುತ್ತಿದೆ. ಅದು ಎಣಿಸುವುದು ಬೆಂಗಳೂರಿನವರನ್ನು.

ನಮ್ಮವರು ಎಲ್ಲಿಗೆ ಹೋಗುತ್ತಾರೆ? ಭಟ್ಕಳ, ಹೊನ್ನಾವರದವರು ಮಣಿಪಾಲ ಅಥವಾ ಮಂಗಳೂರಿಗೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಗೋವಾದ ಬಾಂಬೋಳಿ ಆಸ್ಪತ್ರೆಗೆ. ಒಂದೇ ಜಿಲ್ಲೆಯ ರೋಗಿಗಳು ನಾಲ್ಕು ಊರಿನ ರಿಜಿಸ್ಟರುಗಳಲ್ಲಿ ಚದುರಿ ಹೋಗಿರುತ್ತಾರೆ. ಹಾಗಾಗಿ ಯಾರಾದರೂ ಉತ್ತರ ಕನ್ನಡದಲ್ಲಿ ಇಷ್ಟು ಶೇಕಡಾ ಏರಿದೆ ಅಂತ ಹೇಳಿದರೆ, ಆ ಲೆಕ್ಕ ಎಲ್ಲಿಂದ ಬಂತು ಅಂತ ಮೊದಲು ಕೇಳಿ.

ಸರಿ, ದೇಶದ್ದು, ಜಗತ್ತಿನದ್ದು ಹೇಳಿ.

2022ರ ಅಂದಾಜಿನಲ್ಲಿ ಜಗತ್ತಿನಾದ್ಯಂತ ಸುಮಾರು 6 ಲಕ್ಷ 14 ಸಾವಿರ ಹೊಸ ರೋಗಿಗಳು, ಸುಮಾರು 2 ಲಕ್ಷ 20 ಸಾವಿರ ಸಾವು. ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಒಂಬತ್ತನೇ ಸ್ಥಾನ. ಗಂಡಸರಿಗೆ ಹೆಂಗಸರಿಗಿಂತ ಮೂರು-ನಾಲ್ಕು ಪಟ್ಟು ಜಾಸ್ತಿ. ಭಾರತದಲ್ಲಿ ವರ್ಷಕ್ಕೆ 20 ಸಾವಿರದ ಆಸುಪಾಸು. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ಕಡಿಮೆಯೇ. ದಕ್ಷಿಣ ಯುರೋಪಿನ ಗಂಡಸರಲ್ಲಿ ಇದು ನಮಗಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮಲ್ಲಿ ಬಾಯಿ, ಗಂಟಲು, ಸ್ತನ, ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳ ಮುಂದೆ ಇದು ಸಣ್ಣದು, ಅದಕ್ಕೇ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಒಂದು ಕಡೆ ಏರಿದೆ ಅಂತಾರೆ, ಇನ್ನೊಂದು ಕಡೆ ಇಳಿದಿದೆ ಅಂತಾರೆ. ಯಾವುದು ನಿಜ?

ಎರಡೂ. ರೋಗಿಗಳ ತಲೆ ಎಣಿಸಿದರೆ 1990ರಿಂದ ಈಚೆಗೆ ಜಗತ್ತಿನಲ್ಲಿ ಸಂಖ್ಯೆ ಏರುತ್ತಲೇ ಇದೆ, ಸಾವುಗಳೂ ಏರಿವೆ. ಆದರೆ ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ಲೆಕ್ಕ ಹಾಕಿದರೆ ಸಾವಿನ ದರ ಇಳಿದಿದೆ.

ಇದು ಮುದಿವಯಸ್ಸಿನ ಕಾಯಿಲೆ. ಅಮೆರಿಕದಲ್ಲಿ ಪತ್ತೆಯಾಗುವವರಲ್ಲಿ ಅರ್ಧ ಜನ 73 ದಾಟಿದವರು. 1970ರ ದಶಕದ ಮೊದಲರ್ಧದಲ್ಲಿ ಭಾರತೀಯರ ಸರಾಸರಿ ಆಯಸ್ಸು 50ರ ಹತ್ತಿರ ಇತ್ತು, ಈಗ 70ರ ಸುತ್ತ ಇದೆ. ಆಗ ಈ ಕಾಯಿಲೆ ಬರುವ ವಯಸ್ಸಿಗೆ ಮುಟ್ಟುತ್ತಿದ್ದವರೇ ಕಡಿಮೆ. ಎರಡು ಅಡಿಕೆ ತೋಟದ ಫಸಲು ಹೋಲಿಸುವಾಗ ಮರಗಳ ವಯಸ್ಸು ಕೇಳದೆ ಮಾತಾಡುತ್ತೀರಾ? ಇಲ್ಲೂ ಹಾಗೇ. ನಮ್ಮ ಜಿಲ್ಲೆಯಲ್ಲಂತೂ ಮಕ್ಕಳು ಬೆಂಗಳೂರು, ಗೋವಾ, ಮುಂಬೈ ಸೇರಿ ಹಳ್ಳಿ ಮನೆಗಳಲ್ಲಿ ಅಪ್ಪಯ್ಯ, ಆಯಿ ಮಾತ್ರ ಉಳಿದಿದ್ದಾರೆ, ಹಾಗಿರುವಾಗ ಊರಿನ ಜನಸಂಖ್ಯೆಗೆ ಹೋಲಿಸಿದರೆ ಮುದಿವಯಸ್ಸಿನ ಕಾಯಿಲೆ ಎಲ್ಲವೂ ಏರಿದಂತೆಯೇ ಕಾಣುತ್ತದೆ.

ಸುದ್ದಿ ಓದುವಾಗ ಒಂದು ಕೆಲಸ ಮಾಡಿ. ಅಲ್ಲಿ ಕೊಟ್ಟಿದ್ದು ರೋಗಿಗಳ ಸಂಖ್ಯೆಯೋ, ಲಕ್ಷಕ್ಕೆ ಇಷ್ಟು ಅನ್ನುವ ದರವೋ, ದರವಾದರೆ ವಯಸ್ಸು ಸರಿಹೊಂದಿಸಿದ್ದೋ ಅಂತ ನೋಡಿ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ನಮ್ಮ ಭಾವ ಬೀಡಿ ಬಿಟ್ಟು 20 ವರ್ಷ ಆಯ್ತು. ಈಗ ಬಂದಿದೆ. ಬಿಟ್ಟು ಏನು ಪ್ರಯೋಜನ ಆಯ್ತು?

ಇದನ್ನು ಸಿಟ್ಟಿನಲ್ಲೇ ಕೇಳುತ್ತಾರೆ. ಸಿಟ್ಟು ನ್ಯಾಯವೇ.

ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದ ಜೊತೆ ಬಂದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಒಳಪದರಕ್ಕೆ ಪೆಟ್ಟು ಬೀಳುವುದು ಹೀಗೆ. ಸೇದುವವರಿಗೆ ಅಪಾಯ ಸೇದದವರಿಗಿಂತ ಮೂರು-ನಾಲ್ಕು ಪಟ್ಟು. ಸೇದುವ ಅಭ್ಯಾಸ ಹೆಚ್ಚಿರುವ ದೇಶಗಳಲ್ಲಿ ಒಟ್ಟು ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ತಂಬಾಕೇ ಕಾರಣ. ಪೆಟ್ಟು ಬಿದ್ದಾಗಿನಿಂದ ಗಡ್ಡೆ ಕಾಣುವವರೆಗೆ 20, 30 ವರ್ಷ ಹೋಗಬಹುದು.

ಅಮೆರಿಕದಲ್ಲಿ ಸಿಗರೇಟು ಸೇದುವವರ ಪ್ರಮಾಣ ತುತ್ತತುದಿಯಲ್ಲಿದ್ದದ್ದು 1960ರ ದಶಕದ ನಡುವೆ, ದೊಡ್ಡವರಲ್ಲಿ ಶೇಕಡಾ 42ರಷ್ಟು. ಅಲ್ಲಿಂದ ಇಳಿಯುತ್ತಾ ಬಂತು. ಆದರೆ ಮೂತ್ರಕೋಶದ ಕ್ಯಾನ್ಸರಿನ ಹೊಸ ಪ್ರಕರಣಗಳ ದರ ಇಳಿಯಲು ಶುರುವಾಗಿದ್ದು 2000ದ ದಶಕದ ನಡುವೆ. ನಲವತ್ತು ವರ್ಷದ ಅಂತರ! ಇನ್ನೂ ಸ್ಪಷ್ಟ ಉದಾಹರಣೆ ಚಿಲಿ ದೇಶದ ಆಂಟೊಫಗಾಸ್ಟಾ ಊರಿನದ್ದು. 1958ರಲ್ಲಿ ಆ ಊರಿಗೆ ಬೇರೆ ನದಿಗಳ ನೀರು ತಂದರು, ಅದರಲ್ಲಿ ಆರ್ಸೆನಿಕ್ ವಿಪರೀತ ಇತ್ತು. 1970ರ ಸುಮಾರಿಗೆ ಶುದ್ಧೀಕರಣ ಘಟಕ ಹಾಕಿ ಸರಿಪಡಿಸಿದರು. ಮೂತ್ರಕೋಶ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಾವು ಅಲ್ಲಿ ತುದಿ ಮುಟ್ಟಿದ್ದು ನೀರು ಸರಿಯಾದ ಎಷ್ಟೋ ವರ್ಷದ ಮೇಲೆ, 1980ರ ದಶಕದ ಕೊನೆ ಮತ್ತು 90ರ ದಶಕದಲ್ಲಿ.

ಹಾಗಾದರೆ ಬಿಡುವುದು ದಂಡವಾ? ಅಲ್ಲ. ಬಿಟ್ಟ ಮೊದಲ ಕೆಲವು ವರ್ಷಗಳಲ್ಲೇ ಅಪಾಯ ಗಣನೀಯವಾಗಿ ತಗ್ಗುತ್ತದೆ, ಆಮೇಲೆ ನಿಧಾನಕ್ಕೆ ತಗ್ಗುತ್ತಾ ಹೋಗುತ್ತದೆ, ಆದರೆ ಎಂದೂ ಸೇದದವರ ಮಟ್ಟಕ್ಕೆ ಪೂರ್ತಿ ಇಳಿಯುವುದಿಲ್ಲ. ಭಾವ ಬಿಡದೇ ಇದ್ದಿದ್ದರೆ ಅಪಾಯ ಇದಕ್ಕಿಂತ ಜಾಸ್ತಿ ಇರುತ್ತಿತ್ತು. ಕಾಯಿಲೆ ಬಂದ ಮೇಲೂ ಸೇದುತ್ತಿದ್ದರೆ ಗಡ್ಡೆ ಮರುಕಳಿಸುವ ಸಾಧ್ಯತೆ ಹೆಚ್ಚು.

ಭಾರತದಲ್ಲಿ ಸೇದುವವರು 2009-10ರಲ್ಲಿ ದೊಡ್ಡವರ ಪೈಕಿ ಶೇಕಡಾ 14 ಇದ್ದರು, 2016-17ಕ್ಕೆ 10.7 ಆದರು. ಒಳ್ಳೆಯ ಸುದ್ದಿ, ಆದರೆ ಇದರ ಫಲ ಈ ಕ್ಯಾನ್ಸರಿನ ಲೆಕ್ಕದಲ್ಲಿ ಕಾಣುವಷ್ಟು ಹೊತ್ತಿಗೆ ಈಗ ಹೈಸ್ಕೂಲಿನಲ್ಲಿರುವ ಹುಡುಗರಿಗೆ ತಲೆ ನರೆತಿರುತ್ತದೆ.

ಕವಳ (ಎಲೆ-ಅಡಿಕೆ) ಹಾಕುವವರಿಗೆ?

ಕವಳ, ಹೊಗೆಸೊಪ್ಪು ಬಾಯಿಗೆ ಕೆಟ್ಟದ್ದು ಅನ್ನುವುದರಲ್ಲಿ ಸಂಶಯವೇ ಇಲ್ಲ. ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಶಿರಸಿಯಲ್ಲಿ ನಿಂತು ಇದನ್ನು ಹೇಳಿದರೆ ಯಾರಿಗೂ ಖುಷಿ ಆಗುವುದಿಲ್ಲ, ಗೊತ್ತು. ಆದರೆ ಮೂತ್ರಕೋಶದ ಮಟ್ಟಿಗೆ ಗಟ್ಟಿ ಪುರಾವೆ ಇರುವುದು ಸೇದುವ ತಂಬಾಕಿನ ಮೇಲೆ.

ಕೈಗಾ ಅಣು ಸ್ಥಾವರದಿಂದ ಅಂತ ಎಲ್ಲರೂ ಹೇಳ್ತಾರಲ್ಲ?

ಈ ಪ್ರಶ್ನೆ ಬಂದರೆ ಎರಡೂ ಕಡೆಯವರ ದನಿ ಏರುತ್ತದೆ. ಪುರಾವೆ ಏನು ಅಂತ ನೋಡೋಣ.

ವಿಕಿರಣಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ಸಂಬಂಧ ಇರುವುದು ನಿಜ. ಹಿರೋಶಿಮಾ-ನಾಗಸಾಕಿಯಲ್ಲಿ ಬದುಕುಳಿದವರಲ್ಲಿ, ಕಿಬ್ಬೊಟ್ಟೆಯ ಬೇರೆ ಕ್ಯಾನ್ಸರಿಗೆ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡಿಸಿಕೊಂಡವರಲ್ಲಿ ಇದು ಹೆಚ್ಚು ಕಂಡಿದೆ. ಅವರಿಗೆ ತಗುಲಿದ ಪ್ರಮಾಣ ದೊಡ್ಡದು. ಕೈಗಾದ ಮೊದಲ ಎರಡು ಘಟಕಗಳಲ್ಲಿ ವಾಣಿಜ್ಯ ಉತ್ಪಾದನೆ ಶುರುವಾಗಿದ್ದು 2000ದಲ್ಲಿ. 2009ರ ನವೆಂಬರಿನಲ್ಲಿ ಒಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣ ಸೂಸುವ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದು, ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಪತ್ತೆಯಾಗಿದ್ದು ದೇಶಕ್ಕೆಲ್ಲ ಗೊತ್ತಿರುವ ಸಂಗತಿ. ಟ್ರಿಟಿಯಂ ದೇಹದಲ್ಲಿ ನೀರಿನಂತೆಯೇ ಸಾಗುತ್ತದೆ, ಹತ್ತು ದಿನದ ಆಸುಪಾಸಿನಲ್ಲಿ ಅರ್ಧ ಹೊರಗೆ ಹೋಗುತ್ತದೆ.

ಈಗ ಹಳ್ಳಿಗಳ ವಿಷಯ. ಭಾರತದಲ್ಲಿ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಈ ಕ್ಯಾನ್ಸರ್ ಬರುತ್ತದೆ. ಸ್ಥಾವರದ ಸುತ್ತಲಿನ ಹಳ್ಳಿಗಳ ಜನಸಂಖ್ಯೆ ಕೆಲವು ಸಾವಿರ. ಅಲ್ಲಿ ಎರಡು ವರ್ಷ ಯಾರಿಗೂ ಬರದೆ ಮೂರನೇ ವರ್ಷ ಇಬ್ಬರಿಗೆ ಬಂದರೆ ಅದು ಬರೀ ಕಾಕತಾಳೀಯವೂ ಆಗಬಹುದು. ಕಾರಣ ಇದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ಊಹೆ ಮೇಲೆ ಜಗಳ ಆಡುವ ಬದಲು, ಸ್ಥಾವರದವರ ಕೈಯಲ್ಲಿರದ ನೋಂದಣಿ ಕೇಂದ್ರವೊಂದು ಇಡೀ ಜಿಲ್ಲೆಗೆ ಬೇಕು ಅಂತ ಕೇಳುವುದು ಒಳ್ಳೆಯದು. ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ಜನ ಅಷ್ಟು ದೊಡ್ಡ ದನಿ ಎತ್ತಿದರಲ್ಲ, ಆ ಪಟ್ಟಿಗೆ ಇದನ್ನೂ ಸೇರಿಸಬೇಕಿತ್ತು ಅಂತ ನನಗನಿಸುತ್ತದೆ.

ಬೋಟಿನಲ್ಲಿ ಕೆಲಸ ಮಾಡುವವರಿಗೆ ಅಪಾಯ ಇದೆಯಾ?

ಮೀನು ಹಿಡಿಯುವುದರಿಂದ ಅಲ್ಲ. ಆದರೆ ಬೋಟಿಗೆ ಬಣ್ಣ ಹೊಡೆಯುವ ಕೆಲಸ ಅಪಾಯದ ಕೆಲಸಗಳ ಪಟ್ಟಿಯಲ್ಲಿದೆ. ವರ್ಷಾನುಗಟ್ಟಲೆ ಪೇಂಟಿಂಗ್ ಮಾಡುವವರಲ್ಲಿ ಈ ಕ್ಯಾನ್ಸರ್ ಸ್ವಲ್ಪ ಜಾಸ್ತಿ. ಬಣ್ಣಕ್ಕೂ ಇದಕ್ಕೂ ನಂಟು ಹಳೆಯದು, 1895ರಲ್ಲೇ ರೆನ್ ಎಂಬ ಜರ್ಮನ್ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ಗುರುತಿಸಿದ್ದರು. ಮಳೆಗಾಲದ ರಜೆಯಲ್ಲಿ ಬೋಟಿಗೆ ಬಣ್ಣ ಹೊಡೆಯುವವರು ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಬಣ್ಣ ಮೆತ್ತಿದ ಕೈಯಲ್ಲೇ ಬೀಡಿ ಹಚ್ಚಬೇಡಿ.

ಹೊಳೆ, ಕೆರೆ ನೀರಿನಲ್ಲಿ ಈಜಿದರೆ ಬರುತ್ತಂತೆ?

ಅದು ಈಜಿಪ್ಟಿನ ಕಥೆ. ಅಲ್ಲಿ ನೀರಿನ ಬಸವನಹುಳುವಿನಿಂದ ಹರಡುವ ಒಂದು ಪರಾವಲಂಬಿ ಹುಳು ಮೂತ್ರಕೋಶ ಸೇರಿ, ದಶಕಗಳ ಕಾಲ ಗಂಡಸರಲ್ಲಿ ಇದೇ ಮೊದಲ ಕ್ಯಾನ್ಸರ್ ಆಗಿತ್ತು. ಹುಳುವಿಗೆ ಮಾತ್ರೆ ಕೊಟ್ಟು ಹತೋಟಿಗೆ ತಂದ ಮೇಲೆ ಆ ಬಗೆ ಕಡಿಮೆಯಾಗಿ, ಈಗ ಅಲ್ಲೂ ಸೇದುವವರಲ್ಲಿ ಕಾಣುವ ಬಗೆಯೇ ಮುಂದೆ ಬಂದಿದೆ. ನಮ್ಮ ಕೊಂಕಣ ಪಟ್ಟಿಯಲ್ಲಿ ರತ್ನಾಗಿರಿಯ ಗಿಮ್ವಿ ಎಂಬ ಹಳ್ಳಿಯಲ್ಲಿ 1950ರ ದಶಕದ ಆರಂಭದಲ್ಲಿ ಆ ಹುಳು ಕಂಡಿತ್ತು. ಅದು ಅಲ್ಲಿಯ ಹಳೇ ಮಾತು, ನೀವು ನಮ್ಮ ಅಘನಾಶಿನಿ ಹೊಳೆಯಲ್ಲಿ ಧಾರಾಳವಾಗಿ ಈಜಿ.

ಅಮೆರಿಕದಲ್ಲಿ 100ಕ್ಕೆ 78 ಜನ ಐದು ವರ್ಷ ಬದುಕ್ತಾರೆ, ಇಂಗ್ಲೆಂಡಿನಲ್ಲಿ 55 ಜನವೂ ಇಲ್ಲ ಅಂತ ಓದಿದೆ. ಅಲ್ಲಿನ ಡಾಕ್ಟರ್‌ಗಳು ಅಷ್ಟು ಕೆಟ್ಟವರಾ?

ಅಲ್ಲ. ಎಣಿಸುವ ಪದ್ಧತಿ ಬೇರೆ. ಈ ಒಂದು ವಿಷಯ ಅರ್ಥ ಆದರೆ ಈ ಕ್ಯಾನ್ಸರಿನ ಅಂಕಿ-ಅಂಶ ಓದುವುದು ಸುಲಭ.

ಪತ್ತೆಯಾಗುವ ಗಡ್ಡೆಗಳಲ್ಲಿ ಸುಮಾರು ನಾಲ್ಕನೇ ಮೂರು ಭಾಗ ಒಳಪದರದಲ್ಲೇ ಇರುತ್ತವೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಇವು ಮತ್ತೆ ಮತ್ತೆ ಬರುತ್ತವೆ, ಆದರೆ ಜೀವ ತೆಗೆಯುವುದು ಅಪರೂಪ. ಇವನ್ನೂ ಕ್ಯಾನ್ಸರ್ ಅಂತ ಎಣಿಸಬೇಕಾ? ಅಮೆರಿಕ ಎಣಿಸುತ್ತದೆ. ಬ್ರಿಟನ್ 2000ದ ಸುಮಾರಿಗೆ ಇವುಗಳಲ್ಲಿ ಬಹಳಷ್ಟನ್ನು ಪಟ್ಟಿಯಿಂದ ಹೊರಗಿಟ್ಟಿತು. ಚೆನ್ನಾಗಿ ಬದುಕುವವರನ್ನು ಲೆಕ್ಕದಿಂದ ತೆಗೆದರೆ ಏನಾಗುತ್ತದೆ? ಹೊಸ ಪ್ರಕರಣ ಇಳಿಯುತ್ತವೆ, ಬದುಕುಳಿಯುವ ಪ್ರಮಾಣವೂ ಇಳಿಯುತ್ತದೆ. ರೋಗಿಗಳಿಗೆ ಏನೂ ಆಗಿರುವುದಿಲ್ಲ, ಕಾಗದದ ಮೇಲೆ ಮಾತ್ರ ಬದಲಾವಣೆ.

ಹಾಗಾಗಿ ದೇಶ-ದೇಶದ ಹೋಲಿಕೆಗೆ ನಾನು ಸಾವಿನ ದರವನ್ನೇ ನೋಡುವುದು. ಸತ್ತವರನ್ನು ಎಣಿಸುವಾಗ ಗಡ್ಡೆ ಮೇಲ್ಪದರದ್ದೋ ಆಳದ್ದೋ ಅನ್ನುವ ಗಲಾಟೆ ಕಡಿಮೆ. ಪಶ್ಚಿಮ ಯುರೋಪಿನ ಗಂಡಸರಲ್ಲಿ ಆ ದರ 1990ರ ದಶಕದಿಂದ ಇಳಿಯುತ್ತಿದೆ. ಭಾರತದಲ್ಲಿ ಇದೂ ಕಷ್ಟ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದುಕೊಟ್ಟಿದ್ದು ಶೇಕಡಾ 22.5ಕ್ಕೆ ಮಾತ್ರ. ಮನೆಯಲ್ಲಿ ತೀರಿಕೊಂಡರೆ ವಯಸ್ಸಾಗಿತ್ತು ಅಂತ ಮುಗಿಯಿತು.

ಐದು ವರ್ಷ ಅಂದರೆ ಐದೇ ವರ್ಷನಾ?

ಅಲ್ಲ ಮಾರಾಯರೇ. ಪತ್ತೆಯಾಗಿ ಐದು ವರ್ಷದ ಹೊತ್ತಿಗೆ ಎಷ್ಟು ಜನ ಇದ್ದಾರೆ ಅಂತ ನೋಡುವ ಗೆರೆ ಅದು. ಅದರಾಚೆ ಹತ್ತು, ಇಪ್ಪತ್ತು ವರ್ಷ ಬದುಕುವವರು ಬೇಕಾದಷ್ಟಿದ್ದಾರೆ.

ಒಟ್ಟು ಸರಾಸರಿಗಿಂತ ನಿಮ್ಮ ಹಂತದ ಲೆಕ್ಕ ಮುಖ್ಯ. ಅಮೆರಿಕದ ಅಂಕಿಯಲ್ಲಿ, ತೀರಾ ಮೇಲ್ಪದರದಲ್ಲೇ ಸಿಕ್ಕವರು ಐದು ವರ್ಷ ದಾಟುವ ಪ್ರಮಾಣ 100ಕ್ಕೆ 95ಕ್ಕಿಂತ ಹೆಚ್ಚು. ಮೂತ್ರಕೋಶದ ಒಳಗೇ ಇದ್ದು ಆಳಕ್ಕೆ ಇಳಿದಿದ್ದರೆ 70ರ ಆಸುಪಾಸು. ಪಕ್ಕದ ಗ್ರಂಥಿಗಳಿಗೆ ಹೋಗಿದ್ದರೆ 40. ದೂರದ ಅಂಗಗಳಿಗೆ ಹಬ್ಬಿದ್ದರೆ 10ಕ್ಕಿಂತ ಕಡಿಮೆ. 95 ಮತ್ತು 10 ಕೂಡಿಸಿ ತೆಗೆದ ಸರಾಸರಿಯಿಂದ ನಿಮ್ಮ ಮನೆಯವರ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಹೊಸ ಔಷಧಿ ಬಂದಿದೆಯಲ್ಲ, ಬದುಕುವವರು ಜಾಸ್ತಿ ಆಗಿದ್ದಾರಾ?

ನಿಜ ಹೇಳಬೇಕೆಂದರೆ ಬಹಳ ನಿಧಾನ. ಅಮೆರಿಕದಲ್ಲಿ 1970ರ ದಶಕದಲ್ಲಿ ಐದು ವರ್ಷದ ಲೆಕ್ಕ 72ರ ಹತ್ತಿರ ಇತ್ತು, ಈಗ 78-79. ಅಷ್ಟು ದುಡ್ಡು, ಅಷ್ಟು ವರ್ಷ, ಏರಿದ್ದು ಇಷ್ಟೇ.

ಮೇಲ್ಪದರದ ಗಡ್ಡೆಗೆ ದೊಡ್ಡ ಹೆಜ್ಜೆ ಬಿಸಿಜಿ. ಹೌದು, ಮಕ್ಕಳಿಗೆ ಕ್ಷಯಕ್ಕೆ ಹಾಕುವ ಅದೇ ಬಿಸಿಜಿ, ಪ್ರಮಾಣ ಬೇರೆ. ಕೆನಡಾದ ಮೊರಾಲೆಸ್ ಎಂಬ ವೈದ್ಯರು 1976ರಲ್ಲಿ ಇದನ್ನು ನೇರವಾಗಿ ಮೂತ್ರಕೋಶದೊಳಗೆ ಬಿಟ್ಟ ಫಲಿತಾಂಶ ಪ್ರಕಟಿಸಿದರು. ಗಡ್ಡೆ ಕೆರೆದು ತೆಗೆದ ಮೇಲೆ ವಾರಕ್ಕೊಂದರಂತೆ ಆರು ಸಲ, ಅಪಾಯ ಹೆಚ್ಚಿದ್ದರೆ ಮುಂದೆ ಮೂರು ವರ್ಷದವರೆಗೂ ಆಗಾಗ. ಇವತ್ತಿಗೂ ಇದೇ ಮುಖ್ಯ ಔಷಧಿ. ಕಳೆದ ಹತ್ತು-ಹನ್ನೆರಡು ವರ್ಷದಲ್ಲಿ ಹಲವು ದೇಶಗಳಲ್ಲಿ ಇದರ ಕೊರತೆ ಬಿತ್ತು. ನಮ್ಮಲ್ಲಿ ಪುಣೆಯ ಸೀರಂ ಸಂಸ್ಥೆಯೇ ತಯಾರಿಸುತ್ತದೆ.

ಹಬ್ಬಿದ ಕಾಯಿಲೆಯಲ್ಲಿ 1985ರ ಸುಮಾರಿಗೆ ಸಿಸ್ಪ್ಲಾಟಿನ್ ಇರುವ ಕಿಮೋ ಬಂತು. ಆಮೇಲೆ ಮೂವತ್ತು ವರ್ಷ ಹೆಚ್ಚುಕಮ್ಮಿ ಅಲ್ಲೇ ನಿಂತಿತು, ಅರ್ಧ ರೋಗಿಗಳು 14-15 ತಿಂಗಳು ದಾಟುತ್ತಿರಲಿಲ್ಲ. 2016ರಿಂದ ಇಮ್ಯೂನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ ಬಂತು. 2023ರಲ್ಲಿ ಎನ್ಫೋರ್ಟುಮಾಬ್ ವೆಡೋಟಿನ್ ಮತ್ತು ಪೆಂಬ್ರೋಲಿಝುಮಾಬ್ ಜೋಡಿಯ ಫಲಿತಾಂಶ ಬಂದಾಗ, ಕಿಮೋ ಪಡೆದವರಲ್ಲಿ ಅರ್ಧ ಜನ ಬದುಕಿದ್ದ ಅವಧಿ 16.1 ತಿಂಗಳು, ಈ ಜೋಡಿ ಪಡೆದವರಲ್ಲಿ 31.5 ತಿಂಗಳು. ಈ ಕಾಯಿಲೆಯಲ್ಲಿ ಇಂಥ ಅಂತರ ಹಿಂದೆ ಯಾರೂ ನೋಡಿರಲಿಲ್ಲ. ಬೆಲೆ ಮಾತ್ರ ತೋಟ ಮಾರುವ ಮಟ್ಟದ್ದು. ಹಾಗಾಗಿ ಇದು ನಮ್ಮ ದೇಶದ ಸಾವಿನ ಗೆರೆಯನ್ನು ಸದ್ಯಕ್ಕೆ ಬಗ್ಗಿಸೀತು ಅಂತ ನನಗೆ ಅನಿಸುವುದಿಲ್ಲ.

ಬೇಗ ಪತ್ತೆಯಾದರೆ ಗೆರೆ ಬಗ್ಗುತ್ತದೆ. ಅದಕ್ಕೆ ಲಕ್ಷಗಟ್ಟಲೆ ಬೇಡ.

ಮೂತ್ರದಲ್ಲಿ ಒಂದು ಸಲ ರಕ್ತ ಬಂದು ತಾನೇ ನಿಂತಿತು. ನೋವೂ ಇಲ್ಲ. ಉಷ್ಣ ಇರಬೇಕು ಅಲ್ವಾ?

ಇಲ್ಲಿ ನಾನು ಕೂಗಿ ಹೇಳುತ್ತೇನೆ. ನೋವಿಲ್ಲದೆ ಬಂದು, ಎರಡು ದಿನದಲ್ಲಿ ತಾನೇ ನಿಂತು, ಮತ್ತೆ ಮೂರು ತಿಂಗಳಿಗೆ ಬರುವ ರಕ್ತವೇ ಈ ಕ್ಯಾನ್ಸರಿನ ಮಾಮೂಲಿ ಮೊದಲ ಲಕ್ಷಣ. ನಿಂತಿತು ಅಂದರೆ ವಾಸಿಯಾಯಿತು ಅಂತಲ್ಲ. ಲಾವಂಚದ ನೀರು, ಎಳನೀರು, ಬಾರ್ಲಿ ಗಂಜಿ ಕುಡಿಯಿರಿ, ತಪ್ಪಿಲ್ಲ. ಆದರೆ ಅದರಿಂದ ನಿಂತಿತು ಅಂದುಕೊಂಡು ಸುಮ್ನೆ ಕೂರಬೇಡಿ.

ಬೀಟ್ರೂಟ್ ತಿಂದರೆ, ಕ್ಷಯದ ರಿಫಾಂಪಿಸಿನ್ ಮಾತ್ರೆ ನುಂಗಿದರೆ ಬಣ್ಣ ಬದಲಾಗುತ್ತದೆ. ಕಲ್ಲು, ಸೋಂಕು, ಪ್ರಾಸ್ಟೇಟ್ ಕೂಡ ಕಾರಣ ಇರಬಹುದು. ರಕ್ತ ಬಂದ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಅದನ್ನು ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿ, ಮೂತ್ರದ ದಾರಿಯಲ್ಲಿ ದುರ್ಬೀನು (ಸಿಸ್ಟೋಸ್ಕೋಪಿ) ಹಾಕಿ ನೋಡಿ ಹೇಳಬೇಕು, ಔಷಧಿ ಅಂಗಡಿಯಲ್ಲಿ ಅಲ್ಲ. ಸ್ಕ್ಯಾನಿಂಗ್ ಸರಿ ಇದೆ ಅಂತ ದುರ್ಬೀನು ಬಿಡಬೇಡಿ, ಚಿಕ್ಕ ಚಪ್ಪಟೆ ಗಡ್ಡೆ ಸ್ಕ್ಯಾನಿಂಗಿನಲ್ಲಿ ಕಾಣದೇ ಹೋಗಬಹುದು.

ಹೆಂಗಸರಿಗೆ ಕಡಿಮೆ ಬರುತ್ತಲ್ಲ, ಅವರು ಹೆದರಬೇಕಾ?

ಬರುವುದು ಕಡಿಮೆ, ಬಂದವರು ಬದುಕುಳಿಯುವುದೂ ಗಂಡಸರಿಗಿಂತ ಕಡಿಮೆ. ಹಲವು ದೇಶಗಳ ಲೆಕ್ಕದಲ್ಲಿ ಇದು ಕಂಡಿದೆ. ಒಂದು ದೊಡ್ಡ ಕಾರಣ ತಡ. ಹೆಂಗಸರಿಗೆ ರಕ್ತ ಕಂಡರೆ ಮೊದಲು ಮುಟ್ಟಿನ ತೊಂದರೆ ಅಂತ, ಆಮೇಲೆ ಉರಿಮೂತ್ರ, ಸೋಂಕು ಅಂತ ಒಂದಾದ ಮೇಲೆ ಒಂದು ಆಂಟಿಬಯೋಟಿಕ್ ನಡೆಯುತ್ತದೆ. ಕೌಂಟರಿನಲ್ಲಿ ಇದನ್ನು ನಾನು ನೋಡುತ್ತಲೇ ಇರುತ್ತೇನೆ. ಮುಟ್ಟು ನಿಂತು ವರ್ಷಗಳಾದ ಆಯಿಗೆ ರಕ್ತ ಕಂಡರೆ, ಅಥವಾ ಕಲ್ಚರ್ ಪರೀಕ್ಷೆಯಲ್ಲಿ ಸೋಂಕೇ ಇಲ್ಲದಿದ್ದರೆ, ಮುಂದಿನ ಚೀಟಿ ಮೂತ್ರರೋಗ ತಜ್ಞರದ್ದೇ ಆಗಬೇಕು.

ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಬರುತ್ತಾ?

ಪಿಯೋಗ್ಲಿಟಜೋನ್ ಬಗ್ಗೆ ಕೇಳುತ್ತಿದ್ದೀರಿ. ಈ ಕ್ಯಾನ್ಸರಿನ ಅನುಮಾನದ ಮೇಲೆ 2013ರ ಜೂನಿನಲ್ಲಿ ಸರ್ಕಾರ ಇದನ್ನು ತಡೆಹಿಡಿದು, ಮುಂದಿನ ತಿಂಗಳೇ ಎಚ್ಚರಿಕೆ ಬರಹದ ಜೊತೆ ಮತ್ತೆ ಬಿಟ್ಟಿತು. ಈ ಕ್ಯಾನ್ಸರ್ ಇರುವವರಿಗೆ ಅದನ್ನು ಕೊಡುವುದಿಲ್ಲ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಆಪರೇಷನ್ ಆಯ್ತು, ಸರಿ ಇದೆ ಅಂದರು. ಆದರೂ ಮೂರು ತಿಂಗಳಿಗೆ ಬನ್ನಿ ಅಂತಾರೆ. ಅಷ್ಟು ದೂರ ಹೋಗಲೇಬೇಕಾ?

ಹೋಗಲೇಬೇಕು. ಮೇಲ್ಪದರದ ಗಡ್ಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರುಕಳಿಸುತ್ತವೆ. ಮೊದಲ ದುರ್ಬೀನು ಪರೀಕ್ಷೆ ಮೂರು ತಿಂಗಳಿಗೆ. ಅಪಾಯ ಕಡಿಮೆ ಇದ್ದು ಅದು ಶುದ್ಧ ಬಂದರೆ ಆಮೇಲೆ ವರ್ಷಕ್ಕೊಮ್ಮೆ, ಅಪಾಯ ಹೆಚ್ಚಿದ್ದರೆ ಎರಡು ವರ್ಷ ಮೂರು ಮೂರು ತಿಂಗಳಿಗೆ. ಶಿರಸಿಯಿಂದ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಿ ಬರುವುದೆಂದರೆ ಒಂದಿಡೀ ದಿನ, ಜೊತೆಗೆ ಒಬ್ಬರ ಕೂಲಿಯೂ ಹೋಯಿತು, ಅದಕ್ಕೇ ಜನ ಎರಡನೇ ಸಲಕ್ಕೆ ಬಿಟ್ಟುಬಿಡುತ್ತಾರೆ. ಪ್ರತಿ ಸಲವೂ ಅಷ್ಟು ದೂರವೇ ಹೋಗಬೇಕಾ, ಹತ್ತಿರದಲ್ಲಿ ಮೂತ್ರರೋಗ ತಜ್ಞರಿದ್ದರೆ ಅಲ್ಲಿ ಮಾಡಿಸಬಹುದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅಡ್ಮಿಟ್ ಆಗುವ ಮೊದಲೇ ಕಾರ್ಡ್ ತೋರಿಸಿ.

ಯಾವ ಕಾಗದ ಇಟ್ಟುಕೊಳ್ಳಬೇಕು?

ಬಯಾಪ್ಸಿ ರಿಪೋರ್ಟ್ ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಒಂದು ವಿಷಯ ಹುಡುಕಿ: ತೆಗೆದ ತುಂಡಿನಲ್ಲಿ ಸ್ನಾಯು ಸಿಕ್ಕಿದೆಯಾ, ಅದಕ್ಕೆ ಕ್ಯಾನ್ಸರ್ ಇಳಿದಿದೆಯಾ. ಸ್ನಾಯುವೇ ಸಿಗದಿದ್ದರೆ ಮೇಲ್ಪದರದ್ದು ಅಂತ ಖಚಿತವಾಗಿ ಹೇಳುವುದು ಕಷ್ಟ. ಆಗ ಎರಡರಿಂದ ಆರು ವಾರದೊಳಗೆ ಇನ್ನೊಮ್ಮೆ ಕೆರೆದು ನೋಡಬೇಕಾಗಬಹುದು. ಯಾಕೆ ಮತ್ತೆ ಅಂತ ಜಗಳ ಮಾಡಬೇಡಿ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಗಡ್ಡೆಯ ತುಂಡು ಇಟ್ಟಿರುವ ಸ್ಲೈಡು ಮತ್ತು ಮೇಣದ ಬ್ಲಾಕು ಕೇಳಿ ತೆಗೆದುಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಸು ಹಿಡಿಯಲು ವಾರ ಸಾಕು.